ಸಹಿಗೆ ಮೊದಲು ವಾಪಸ್ ಹೇಳಿಸಿ: ಎಥಿಕ್ಸ್ ಕಮಿಟಿಯಲ್ಲಿ ನನ್ನ ಅನುಭವ

ಹೊಸ ಔಷಧವನ್ನು ಜನರ ಮೇಲೆ ಪ್ರಯೋಗಿಸಿ ನೋಡುವ ಟ್ರಯಲ್‌ಗಳನ್ನು ಪರಿಶೀಲಿಸಿ ಅನುಮತಿ ಕೊಡುವುದು ಎಥಿಕ್ಸ್ ಕಮಿಟಿಯ ಕೆಲಸ. ಟ್ರಯಲ್‌ಗೆ ಸೇರುವ ರೋಗಿಗೆ ಒಪ್ಪಿಗೆ ಪತ್ರ ಓದಿ ಹೇಳಿದ ಮೇಲೆ, ಸಹಿ ಹಾಕಿಸುವ ಮೊದಲು, ರೋಗಿಯ ಬಾಯಿಂದಲೇ ವಿಷಯ ಹೇಳಿಸಬೇಕು ಅಂತ ನಮ್ಮ ಕಮಿಟಿಯಲ್ಲಿ ನಿಯಮ ತಂದೆ. ಇನ್ವೆಸ್ಟಿಗೇಟರ್‌ಗಳು, ಅಂದರೆ ಟ್ರಯಲ್ ನಡೆಸುವ ಡಾಕ್ಟರುಗಳು, ಗೊಣಗಿದರು. "ಹಿಂಗಾದ್ರೆ ಒಬ್ಬರೂ ಸೇರಲ್ಲ ಮೇಡಂ, ಸ್ಪಾನ್ಸರ್ ಬೇರೆ ಊರು ನೋಡ್ಕೋತಾರೆ" ಅಂದರು. ಸ್ಪಾನ್ಸರ್ ಅಂದರೆ ಟ್ರಯಲ್‌ಗೆ ದುಡ್ಡು ಹಾಕುವ ಕಂಪನಿ. ಯಾವ ಸ್ಪಾನ್ಸರೂ ಹೋಗಲಿಲ್ಲ. ಮೊದಮೊದಲು ಸೇರುವವರು ಕಮ್ಮಿಯಾದದ್ದು ನಿಜ. ಆದರೆ ಮಧ್ಯದಲ್ಲಿ ಬಿಟ್ಟು ಹೋಗುವವರು ಈಗ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದ್ದಾರೆ.

ಆಗಿನ ಆಂಧ್ರಪ್ರದೇಶದ ಖಮ್ಮಂನಲ್ಲಿ ನಡೆದ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯುವ) ಲಸಿಕೆಯ ಅಧ್ಯಯನ ನೆನಪಿದೆಯಲ್ವಾ? ಎಷ್ಟೋ ಹುಡುಗಿಯರ ಪರವಾಗಿ ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು, 2010ರಲ್ಲಿ ಅದನ್ನು ನಿಲ್ಲಿಸಿದರು. ಔಷಧ ಟ್ರಯಲ್‌ಗಳಿಗೆ ಕೇಂದ್ರ ಸರ್ಕಾರ ತಂದ 2019ರ ನಿಯಮಗಳಲ್ಲಿ, ದುರ್ಬಲ ಸ್ಥಿತಿಯಲ್ಲಿರುವವರು ಹೊಸ ಔಷಧದ ಅಣುವಿನ ಟ್ರಯಲ್‌ಗೆ ಸೇರುವಾಗ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡುವುದು ಕಡ್ಡಾಯ, ಎಚ್‌ಐವಿ ಮತ್ತು ಕುಷ್ಠದ ಔಷಧಕ್ಕೆ ಆಡಿಯೊ ಸಾಕು. ಅಂಥ ವಿಡಿಯೊಗಳನ್ನು ಕೂತು ನೋಡಿದ್ದೇನೆ. ಡಾಕ್ಟರು ಮಾತಾಡುತ್ತಾರೆ, ರೋಗಿ ತಲೆ ಆಡಿಸುತ್ತಾರೆ, ಸಾಕ್ಷಿ ಸಹಿ ಹಾಕುತ್ತಾರೆ. ಫೈಲ್ ಮಾತ್ರ ಅಚ್ಚುಕಟ್ಟು.

ರೋಗಿಗೆ ನಿಜಕ್ಕೂ ಅರ್ಥವಾಗಲಿ ಅಂತ ಮೊದಲು ಟ್ರಯಲ್ ವಿವರಿಸುವ ಚಿತ್ರದ ಪುಸ್ತಕ ಮಾಡಿಸಿದೆವು. ಕಲಾವಿದರಿಗೆ, ಪ್ರಿಂಟಿಗೆ ಸೇರಿ ಮೂವತ್ತು ಸಾವಿರದ ಹತ್ತಿರ ಹೋಯಿತು. ಜನ ಖುಷಿಯಿಂದ ನೋಡಿದರು, ಆದರೆ "ಬೇಡ ಅನ್ನಿಸಿದರೆ ಬಿಡಬಹುದಾ?" ಅಂತ ಕೇಳಿದರೆ ಸುಮಾರು ಅರ್ಧ ಜನ "ಡಾಕ್ಟರು ಬೈತಾರೆ" ಅಂದರು. ಆಮೇಲೆ ಟ್ಯಾಬ್‌ನಲ್ಲಿ ವಿಡಿಯೊ, ಅದಕ್ಕಿನ್ನೂ ಜಾಸ್ತಿ ಖರ್ಚು, ಫಲ ಅದೇ.

ಕೊನೆಗೆ ಕೈಹಿಡಿದದ್ದು ಕೆಲವೇ ಪ್ರಶ್ನೆ. ಇದು ಚಿಕಿತ್ಸೆಯಾ, ಪ್ರಯೋಗವಾ? ಬೇಡ ಅಂದರೆ ನಿಮ್ಮ ಮಾಮೂಲಿ ಚಿಕಿತ್ಸೆ ಏನಾಗುತ್ತೆ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡ್ತೀರಿ, ಖರ್ಚು ಯಾರದು? ಕೇಳುವವರು ಚಿಕಿತ್ಸೆ ಕೊಡುವ ಡಾಕ್ಟರಾಗಿರಬಾರದು, ಇದರಲ್ಲಿ ರಾಜಿಯೇ ಇಲ್ಲ. ನಾವು ಒಬ್ಬ ಸೋಶಿಯಲ್ ವರ್ಕರ್ ಇಟ್ಟುಕೊಂಡೆವು. ಹದಿನೆಂಟು ಸಾವಿರ ಸಂಬಳ, ಟ್ರಯಲ್ ಪರಿಶೀಲಿಸಲು ಸ್ಪಾನ್ಸರ್ ಕಮಿಟಿಗೆ ಕಟ್ಟುವ ರಿವ್ಯೂ ಫೀಸಿನಿಂದ. ತಲೆಗೆ ಇಪ್ಪತ್ತು ನಿಮಿಷ ಜಾಸ್ತಿ ಹಿಡಿಯುತ್ತೆ. ಮತ್ತೆ ವಿವರಿಸಿದರೂ ಹೇಳಲು ಬರದಿದ್ದರೆ ಆ ದಿನ ಸಹಿ ಇಲ್ಲ.

ಇನ್ನೊಂದು ನೋಡಿದೆವು. ಪತ್ರ ಕೊಟ್ಟು ಮನೆಗೆ ಕಳಿಸಿ, ಮರುದಿನ ಬರಹೇಳಿದೆವು. ಮಗನನ್ನೋ ಸೊಸೆಯನ್ನೋ ಕರಕೊಂಡು ಬಂದವರು ಬಸ್ ಚಾರ್ಜ್‌ನಿಂದ ಹಿಡಿದು ರಕ್ತ ಎಷ್ಟು ತೆಗೀತೀರಿ ಅನ್ನುವವರೆಗೆ ಕೇಳಿದರು. ದೂರದ ಹಳ್ಳಿಯವರಿಗೆ ಇದು ಆಗಲ್ಲ, ಅವರಿಗೆ ಊಟದ ಹೊತ್ತಿನ ಬಿಡುವು ಕೊಡುತ್ತೇವೆ.

ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಕೇಳುತ್ತೇವೆ, ನಡುವೆ ಯಾವ ತಪ್ಪು ಹೇಳಿಕೆ ಸೇರಿಸಿ ಪರೀಕ್ಷಿಸುತ್ತೇವೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಬರೆದರೆ ಟ್ರಯಲ್ ನಡೆಯುವ ಆಸ್ಪತ್ರೆಯವರು ಉತ್ತರ ಬಾಯಿಪಾಠ ಮಾಡಿಸಿಯೇ ರೋಗಿಗಳನ್ನು ಕಳಿಸುತ್ತಾರೆ.