ತೂಕದ ಜೊತೆ ಸೊಂಟವನ್ನೂ ಅಳೆಯಿರಿ: ಬಲ್ಕಿಂಗ್ ಯೋಜನೆ ಹೀಗಿರಲಿ

ಆರು ತಿಂಗಳಲ್ಲಿ ಎಂಟು ಕೆ.ಜಿ. ಏರಿಸಿದೆ ಎಂದು ಖುಷಿಪಡುವ ಹುಡುಗರು ಯಾವ ಊರಿನ ಜಿಮ್‌ಗೆ ಹೋದರೂ ಸಿಗುತ್ತಾರೆ. ಆ ಎಂಟು ಕೆ.ಜಿ.ಯಲ್ಲಿ ಸ್ನಾಯು ಎಷ್ಟು, ಬೊಜ್ಜು ಎಷ್ಟು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಅವರು ಅಳೆದದ್ದು ತೂಕವನ್ನು ಮಾತ್ರ.

ಸ್ನಾಯು ಬೆಳೆಸಲೆಂದೇ ಕೆಲವು ತಿಂಗಳು ಹೆಚ್ಚು ಉಣ್ಣುವುದಕ್ಕೆ ಜಿಮ್‌ನಲ್ಲಿ ಬಲ್ಕಿಂಗ್ ಎನ್ನುತ್ತಾರೆ. ಸರಿಯಾಗಿ ಮಾಡಿದರೆ ಫಲ ಕೊಡುವ ವಿಧಾನವಿದು. ಆದರೆ ಒಂದು ವಾರದಲ್ಲಿ ದೇಹ ಕಟ್ಟಿಕೊಳ್ಳಬಲ್ಲ ಸ್ನಾಯುವಿಗೆ ಮಿತಿಯಿದೆ. ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಉಂಡದ್ದು ಕೊಬ್ಬಾಗುತ್ತದೆ, ನಮ್ಮ ಜನರಲ್ಲಿ ಅದು ಹೊಟ್ಟೆಯ ಸುತ್ತಲೇ ಸೇರುವುದು ಹೆಚ್ಚು. ಆದ್ದರಿಂದ ಪೌಡರ್ ಡಬ್ಬಿಗೆ ದುಡ್ಡು ಕೊಡುವ ಮೊದಲು ಒಂದು ನೋಟ್‌ಬುಕ್, ಒಂದು ಟೈಲರ್ ಟೇಪು, ಒಂದು ತೂಕದ ಯಂತ್ರ ಹೊಂದಿಸಿಕೊಳ್ಳಿ.

ಮೊದಲು ಟೇಪು

ದಕ್ಷಿಣ ಏಷ್ಯಾದವರಿಗೆ ಸೊಂಟದ ಸುತ್ತಳತೆಯ ಎಚ್ಚರಿಕೆಯ ಗೆರೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಪ್ಯಾಂಟಿನ ಸೈಜ್ ನೋಡಿ ಇದನ್ನು ಹೇಳಲಾಗದು, ಪ್ಯಾಂಟನ್ನು ನಾವು ಹೊಟ್ಟೆಯ ಕೆಳಗೆ ಕಟ್ಟುತ್ತೇವೆ. ಅಳತೆ ಈಗಾಗಲೇ ಆ ಗೆರೆ ದಾಟಿದ್ದರೆ ಬಲ್ಕಿಂಗ್ ಬೇಡ. ಊಟ ಸ್ವಲ್ಪ ತಗ್ಗಿಸಿ, ಪ್ರೋಟೀನ್ ಹೆಚ್ಚಿಸಿ, ಭಾರ ಎತ್ತಲು ಶುರುಮಾಡಿ. ಜಿಮ್‌ಗೆ ಹೊಸಬರಾದರೆ ಕೊಬ್ಬು ಇಳಿಯುತ್ತಿರುವಾಗಲೇ ಸ್ನಾಯುವೂ ಬೆಳೆಯುತ್ತದೆ. ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಊಟ ಬದಲಿಸಬಾರದು.

ಇದ್ದ ಊಟಕ್ಕೆ ಎಷ್ಟು ಸೇರಿಸಬೇಕು?

ಆ್ಯಪ್‌ಗಳು ಕೊಡುವ ಕ್ಯಾಲರಿ ಲೆಕ್ಕ ಬರೀ ಅಂದಾಜು. ಅದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿದೆ. ಎರಡು ವಾರ ಏನನ್ನೂ ಬದಲಿಸದೆ, ತಿಂದದ್ದನ್ನೆಲ್ಲ ಬರೆದಿಡಿ: ಎಷ್ಟು ಮುದ್ದೆ, ಎಷ್ಟು ಸೌಟು ಅನ್ನ, ಸಂಜೆಯ ಬಜ್ಜಿ, ಕಾಫಿಯ ಸಕ್ಕರೆ. ಆ ಎರಡು ವಾರ ತೂಕ ನಿಂತಲ್ಲೇ ನಿಂತಿದ್ದರೆ ಅದೇ ನಿಮ್ಮ ಸಮತೋಲನದ ಊಟ. ಇನ್ನು ಅದರ ಮೇಲೆ ದಿನಕ್ಕೆ 250ರಿಂದ 300 ಕ್ಯಾಲರಿ ಸೇರಿಸಿದರೆ ಸಾಕು.

ಎಷ್ಟು ಕಡಿಮೆ ಎಂದು ನೋಡಿ: 30 ಗ್ರಾಂ ಕಡಲೆಕಾಯಿ ಬೀಜ, 200 ಮಿ.ಲೀ. ಹಾಲು, ಇಷ್ಟರಲ್ಲೇ ಹತ್ತಿರಹತ್ತಿರ 300 ಕ್ಯಾಲರಿ ಬಂತು. ಬಲ್ಕಿಂಗ್ ಎಂದರೆ ದಿನವೂ ಬಿರಿಯಾನಿ, ಪರೋಟ ಎಂದುಕೊಂಡವರಿಗೆ ಇದು ನಂಬಲಾಗದು. ಹೊಟ್ಟೆ ಬರುವುದು ಆ ಅಪನಂಬಿಕೆಯಿಂದಲೇ.

ಪ್ರೋಟೀನ್ ಎಲ್ಲಿದೆ?

ದೇಹ ತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಗುರಿಯಾಗಿರಲಿ. 2.2 ಗ್ರಾಂ ದಾಟಿದರೆ ಹೆಚ್ಚಿನ ಲಾಭವಿಲ್ಲ. ಸಾಮಾನ್ಯ ಜೀವನಕ್ಕೆ ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವುದು 0.83 ಗ್ರಾಂ, ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಅದು ಸಾಲದು.

60 ಕೆ.ಜಿ. ತೂಕದ ಹುಡುಗನನ್ನು ತೆಗೆದುಕೊಳ್ಳೋಣ. ಅವನಿಗೆ ಬೇಕಾದದ್ದು 96 ಗ್ರಾಂ. ಮೂರು ಮೊಟ್ಟೆಯಿಂದ 18 ಗ್ರಾಂ. 75 ಗ್ರಾಂ ಒಣ ಕಾಳು ಬೇಯಿಸಿದರೆ, ಹುರುಳಿಯಾಗಲಿ ಹೆಸರಾಗಲಿ ತೊಗರಿಬೇಳೆಯಾಗಲಿ, ಸುಮಾರು 17 ಗ್ರಾಂ. ದಿನದ ರಾಗಿ, ಅಕ್ಕಿ ತಲಾ 100 ಗ್ರಾಂ ಎಂದರೆ ಒಟ್ಟು 14. ಒಂದು ಬಟ್ಟಲು ಮೊಸರಲ್ಲಿ 7. 40 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 20. ಎರಡು ಲೋಟ ಹಾಲಲ್ಲಿ 13, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 8. ಕೂಡಿದರೆ 97. ಮಾಂಸ ತಿನ್ನುವವರು 100 ಗ್ರಾಂ ಕೋಳಿಯ ಎದೆ ಮಾಂಸ ಸೇರಿಸಿದರೆ 22 ಗ್ರಾಂ ಸಿಗುತ್ತದೆ, ಸೋಯಾ ಬಿಟ್ಟರೂ ನಡೆಯುತ್ತದೆ.

ನಮ್ಮ ಅಡುಗೆಯಲ್ಲಿ ಲೆಕ್ಕ ತಪ್ಪುವ ಒಂದು ಜಾಗವಿದೆ, ಅದು ಸಾರು. ದಿನಾ ಬೇಳೆಸಾರು ತಿನ್ನುತ್ತೇನೆ, ಪ್ರೋಟೀನ್‌ಗೇನು ಕೊರತೆ ಎನ್ನುತ್ತಾರೆ. ತಿಳಿಸಾರಿನಲ್ಲಿ ಬೇಳೆ ಎಷ್ಟಿರುತ್ತದೆ? ಬಸ್ಸಾರು ಮಾಡಿದ ದಿನ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ ಉಳಿಯುತ್ತದೆ. ಪ್ರೋಟೀನ್‌ನ ಬಹುಪಾಲು ಆ ಪಲ್ಯದಲ್ಲಿದೆ. ಅದನ್ನು ನಂಚಿಕೊಳ್ಳುವಷ್ಟು ಹಾಕಿಸಿಕೊಂಡು ಬಿಡಬೇಡಿ, ಬಟ್ಟಲು ತುಂಬ ಹಾಕಿಸಿಕೊಳ್ಳಿ. ಹಾಸ್ಟೆಲ್, ಪಿ.ಜಿ.ಗಳಲ್ಲಿ ಇರುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಸಾರು ಎಷ್ಟು ಬೇಕಾದರೂ ಸಿಗುತ್ತದೆ, ಪಲ್ಯ ಒಂದೇ ಸೌಟು. ಬೇಯಿಸಿದ ಮೊಟ್ಟೆ, ಹುರಿಗಡಲೆ, ಮೊಸರು ಕೋಣೆಯಲ್ಲೇ ಇಟ್ಟುಕೊಳ್ಳಬಹುದು.

ಹಾಲಿನಿಂದ ತೆಗೆದ ಪ್ರೋಟೀನ್ ಪುಡಿಯಾದ ವೇ ಪೌಡರ್ ಅನಿವಾರ್ಯವಲ್ಲ. ಊಟದಲ್ಲಿ ಗುರಿ ಮುಟ್ಟದಿದ್ದರೆ ಮಾತ್ರ ಒಂದು ಸ್ಕೂಪ್ ಸಾಕು. ಸ್ನಾಯುವಿನ ಶಕ್ತಿಗೆ ನೆರವಾಗುವ ಪುಡಿಯಾದ ಕ್ರಿಯಾಟಿನ್ ಮೋನೋಹೈಡ್ರೇಟ್ ದಿನಕ್ಕೆ 3ರಿಂದ 5 ಗ್ರಾಂ ತೆಗೆದುಕೊಂಡರೆ ಭಾರ ಎತ್ತುವಲ್ಲಿ ತುಸು ಸಹಾಯವಾಗುತ್ತದೆ. ಸಸ್ಯಾಹಾರಿಗಳಲ್ಲಿ ಸ್ನಾಯುವಿನೊಳಗಿನ ಅದರ ಸಂಗ್ರಹ ಕಡಿಮೆ ಇರುವುದರಿಂದ ಅವರಿಗೆ ಪ್ರಯೋಜನ ಹೆಚ್ಚಿರಬಹುದು. ಶುರುವಿನಲ್ಲಿ ನೀರಿನಿಂದಾಗಿ ಸುಮಾರು ಒಂದು ಕೆ.ಜಿ. ಏರುವುದುಂಟು, ನೋಟ್‌ಬುಕ್‌ನಲ್ಲಿ ಶುರುಮಾಡಿದ ದಿನಾಂಕ ಬರೆದಿಡಿ.

ಜಿಮ್‌ನಲ್ಲಿ ಯಾರಾದರೂ ಇಂಜೆಕ್ಷನ್ ಮಾತೆತ್ತಿದರೆ ಅಲ್ಲೇ ನಿಲ್ಲಿಸಿ. ಆ ಇಂಜೆಕ್ಷನ್ ಎಂದರೆ ಸಾಮಾನ್ಯವಾಗಿ ಅನಬಾಲಿಕ್ ಸ್ಟೆರಾಯ್ಡ್, ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ ಅನ್ನು ಹೋಲುವ ಔಷಧ. ಅದು ಹೊರಗಿಂದ ಬಂದರೆ ದೇಹ ತನ್ನದೇ ಟೆಸ್ಟೋಸ್ಟೆರಾನ್ ತಯಾರಿಕೆಯನ್ನು ತಗ್ಗಿಸಿಬಿಡುತ್ತದೆ. ವೀರ್ಯಾಣು ಕುಸಿಯುತ್ತದೆ, ಹೃದಯಕ್ಕೆ ಪೆಟ್ಟು ಬೀಳುತ್ತದೆ, ಮಾತ್ರೆ ರೂಪದವು ಯಕೃತ್ತನ್ನೂ ಕೆಡಿಸುತ್ತವೆ. ಇಪ್ಪತ್ತರ ಹುಡುಗರು ನಾಲ್ಕು ತಿಂಗಳ ತೋಳಿಗಾಗಿ ಮುಂದೆ ಮಕ್ಕಳಾಗುವ ಸಾಧ್ಯತೆಯನ್ನೇ ಪಣಕ್ಕಿಡುವುದು ನೋಡಲು ಸಂಕಟವಾಗುತ್ತದೆ.

ಭಾರ ಏರಬೇಕು

ಹೆಚ್ಚು ಉಂಡದ್ದು ಸ್ನಾಯುವಾಗಲು ದೇಹಕ್ಕೆ ಕಾರಣ ಬೇಕು, ಆ ಕಾರಣ ವಾರದಿಂದ ವಾರಕ್ಕೆ ಏರುವ ಭಾರ. ಸ್ಕ್ವಾಟ್, ಡೆಡ್‌ಲಿಫ್ಟ್, ಬೆಂಚ್ ಪ್ರೆಸ್, ರೋ, ಭುಜದ ಪ್ರೆಸ್, ಪುಲ್‌ಅಪ್, ಈ ಆರು ಬೆನ್ನೆಲುಬಾಗಿರಲಿ. ಪ್ರತಿ ಸ್ನಾಯು ಗುಂಪಿಗೆ ವಾರದಲ್ಲಿ ಎರಡು ಸಲ ಕೆಲಸ ಸಿಗಲಿ, ಒಟ್ಟು ಹತ್ತು ಸೆಟ್‌ನಿಂದ ಶುರುವಾಗಲಿ. ನಡುವೆ ಬಿಡುವಿಲ್ಲದೆ ಮಾಡುವ ಒಂದು ಸುತ್ತು ಒಂದು ಸೆಟ್, ಅದರಲ್ಲಿ ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್. ಕೊನೆಯ ರೆಪ್‌ ಮುಗಿದಾಗ ಇನ್ನೊಂದೆರಡು ಎತ್ತಬಲ್ಲೆ ಅನ್ನಿಸುವಲ್ಲಿ ನಿಲ್ಲಿಸಿ.

ಏರಿಸುವ ಕ್ರಮ ಸುಲಭ. ಬೆಂಚ್‌ನಲ್ಲಿ 40 ಕೆ.ಜಿ. ಇಟ್ಟು ಮೂರು ಸೆಟ್‌ನಲ್ಲಿ 8, 8, 7 ಬಂತು ಎನ್ನಿ. ಅದೇ ಭಾರದಲ್ಲಿ ಮೂರೂ ಸೆಟ್ ಹತ್ತಕ್ಕೆ ಮುಟ್ಟುವವರೆಗೆ ಇರಿ. ಮುಟ್ಟಿದ ಮೇಲೆ ಎರಡೂ ಕಡೆ 1.25 ಕೆ.ಜಿ. ಪ್ಲೇಟು ಹಾಕಿ 42.5ಕ್ಕೆ ಹೋಗಿ. ಪ್ರತಿ ಸೆಟ್ಟನ್ನೂ ಬರೆದಿಡಿ. ನಮ್ಮ ಗರಡಿ ಮನೆಗಳಲ್ಲಿ ಸಾಮು ಮಾಡಿಸುವ ಉಸ್ತಾದರ ಕಣ್ಣೇ ಈ ಲೆಕ್ಕ ಇಡುತ್ತಿತ್ತು. ಯಾರು ಎಷ್ಟು ದಂಡ ಹೊಡೆದರು, ಎಷ್ಟು ಬಸ್ಕಿ ತೆಗೆದರು ಎಂಬುದು ಅವರಿಗೆ ಗೊತ್ತಿರುತ್ತಿತ್ತು. ನಿಮ್ಮ ಮೇಲೆ ಅಂಥ ಕಣ್ಣಿಲ್ಲದಿದ್ದರೆ ನೋಟ್‌ಬುಕ್ಕೇ ಉಸ್ತಾದ್. ಏಳೆಂಟು ಗಂಟೆ ನಿದ್ದೆಯನ್ನೂ ಈ ಯೋಜನೆಯೊಳಗೇ ಸೇರಿಸಿ. ನೈಟ್ ಶಿಫ್ಟ್ ಮಾಡುವವರು ಹಗಲು ಕಿಟಕಿ ಮುಚ್ಚಿ ಮಲಗುವ ವ್ಯವಸ್ಥೆ ಮಾಡಿಕೊಂಡ ಮೇಲೆಯೇ ಬಲ್ಕಿಂಗ್ ಶುರುಮಾಡುವುದು ಒಳ್ಳೆಯದು.

ಅಳೆಯುವ ರೀತಿ

ತೂಕ ದಿನಾ ನೋಡಿ, ಬೆಳಿಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು. ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ. ಮದುವೆ ಊಟ ಮಾಡಿದ ಮರುದಿನ ಒಂದು ಕೆ.ಜಿ. ಜಾಸ್ತಿ ತೋರಿಸಬಹುದು, ಉಪ್ಪು ಮತ್ತು ಸಿಹಿ ಹಿಡಿದಿಟ್ಟ ನೀರು ಅದು. ಏಳು ದಿನದ ಅಂಕಿ ಕೂಡಿಸಿ ಏಳರಿಂದ ಭಾಗಿಸಿ, ಆ ಸರಾಸರಿಯನ್ನು ಹಿಂದಿನ ವಾರದ ಸರಾಸರಿಯ ಪಕ್ಕ ಇಡಿ. ಹೆಂಗಸರು ಈ ತಿಂಗಳ ಮುಟ್ಟಿನ ವಾರವನ್ನು ಕಳೆದ ತಿಂಗಳ ಅದೇ ವಾರದೊಡನೆ ಹೋಲಿಸಬೇಕು.

ಟೇಪು ಎರಡು ವಾರಕ್ಕೊಮ್ಮೆ. ಸೊಂಟವನ್ನು ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಸಹಜವಾಗಿ ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಎದೆ, ತೋಳು, ತೊಡೆಯನ್ನೂ ಬರೆದುಕೊಳ್ಳಿ. ಪ್ರತಿಸಲ ಒಂದೇ ಜಾಗ ಸಿಗಲು ಮಚ್ಚೆಯನ್ನೋ ಗಾಯದ ಕಲೆಯನ್ನೋ ಗುರುತಿಟ್ಟುಕೊಳ್ಳಬಹುದು.

ಫೋಟೊ ತಿಂಗಳಿಗೊಮ್ಮೆ: ಮುಂದಿನಿಂದ, ಪಕ್ಕದಿಂದ, ಬೆನ್ನಿನಿಂದ. ಅದೇ ಕಿಟಕಿಯ ಬೆಳಕು, ಅದೇ ಹೊತ್ತು, ಫೋನು ಅದೇ ದೂರದಲ್ಲಿ. ವ್ಯಾಯಾಮದ ನಂತರ ಸ್ನಾಯುವಿಗೆ ರಕ್ತ ನುಗ್ಗಿ ತೋಳು ಊದಿರುತ್ತದೆ. ಜಿಮ್ ಕನ್ನಡಿಯ ಮುಂದೆ ಆಗ ತೆಗೆದ ಫೋಟೊ ಹೋಲಿಕೆಗೆ ಬರುವುದಿಲ್ಲ. ಕೊಬ್ಬಿನ ಶೇಕಡಾ ಹೇಳುವ ಯಂತ್ರಗಳು ಮೈಯಲ್ಲಿ ವಿದ್ಯುತ್ ಹರಿಸಿ ನೀರಿನ ಮೇಲೆ ಲೆಕ್ಕ ಹಾಕುತ್ತವೆ, ಎರಡು ಲೋಟ ನೀರು ಕುಡಿದರೂ ಅಂಕಿ ಕದಲಬಹುದು. ಅವನ್ನು ನಂಬಿ ಊಟ ಬದಲಿಸಬೇಡಿ.

ಅಂಕಿಗಳು ಏನು ಹೇಳುತ್ತಿವೆ?

ವಾರಕ್ಕೆ ದೇಹ ತೂಕದ ಶೇ 0.25ರಿಂದ 0.5ರಷ್ಟು ಏರಿಕೆ ಸರಿಯಾದ ವೇಗ. 60 ಕೆ.ಜಿ.ಯವರಿಗೆ ಅದು 150ರಿಂದ 300 ಗ್ರಾಂ. ಹೊಸಬರು ಮೇಲಿನ ಅಂಕಿಯ ಹತ್ತಿರ ಇರಬಹುದು, ಮೂರ್ನಾಲ್ಕು ವರ್ಷದಿಂದ ಭಾರ ಎತ್ತುತ್ತಿರುವವರು ಕೆಳಗಿನದಕ್ಕೇ ತೃಪ್ತರಾಗಬೇಕು. ಮೊದಲ ಎರಡು ವಾರದ ಜಿಗಿತ ಲೆಕ್ಕಕ್ಕಿಲ್ಲ, ಅದರಲ್ಲಿ ನೀರು ಮತ್ತು ಹೊಟ್ಟೆಯಲ್ಲಿರುವ ಊಟದ ಪಾಲೇ ಹೆಚ್ಚು.

ತೂಕ ಈ ವೇಗದಲ್ಲಿ ಏರುತ್ತಿದೆ, ಎತ್ತುವ ಭಾರವೂ ಏರುತ್ತಿದೆ, ಸೊಂಟ ಹೆಚ್ಚುಕಡಿಮೆ ಇದ್ದಲ್ಲೇ ಇದೆ ಎಂದರೆ ಏನನ್ನೂ ಮುಟ್ಟಬೇಡಿ. ಮೂರು ವಾರದ ಸರಾಸರಿ ಕದಲದಿದ್ದರೆ ದಿನಕ್ಕೆ 150 ಕ್ಯಾಲರಿ ಸೇರಿಸಿ, ಅಂದರೆ ಒಂದು ದೊಡ್ಡ ಬಾಳೆಹಣ್ಣು, ನಾಲ್ಕೈದು ಬಾದಾಮಿ. ತೂಕ ಬೇಗ ಏರುತ್ತಿದೆ, ಸೊಂಟ ತೋಳಿಗಿಂತ ಮುಂದೆ ಓಡುತ್ತಿದೆ ಎಂದಾದರೆ ಅಷ್ಟೇ ಕ್ಯಾಲರಿ ಕಡಿಮೆ ಮಾಡಿ. ಅನ್ನ, ಎಣ್ಣೆ, ಸಿಹಿಯಲ್ಲಿ ಕಡಿಮೆ ಮಾಡಿ, ಪ್ರೋಟೀನ್‌ನಲ್ಲಿ ಬೇಡ. ತೂಕವೂ ಸೊಂಟವೂ ಏರಿ ಎತ್ತುವ ಭಾರ ಮಾತ್ರ ನಿಂತಿದ್ದರೆ ದೋಷ ಊಟದಲ್ಲಿಲ್ಲ. ನಿದ್ದೆ ನೋಡಿ, ತಪ್ಪಿಸಿದ ದಿನಗಳನ್ನು ಎಣಿಸಿ.

ನಿಲ್ಲಿಸುವುದು ಯಾವಾಗ

ನಾಲ್ಕರಿಂದ ಆರು ತಿಂಗಳು ಒಳ್ಳೆಯ ಅವಧಿ. ಅದಕ್ಕೂ ಮುಂಚೆ ಸೊಂಟ ಎಚ್ಚರಿಕೆಯ ಗೆರೆಗೆ ಹತ್ತಿರವಾದರೆ ಅಂದೇ ನಿಲ್ಲಿಸಿ. ಪರೀಕ್ಷೆ, ಸುಗ್ಗಿ, ಮನೆಯ ಮದುವೆ ನಡುವೆ ಬರದಂತೆ ಶುರುವಿನ ತಿಂಗಳು ಆರಿಸಿ. ಮುಗಿದ ಮೇಲೆ ಎರಡು ಮೂರು ವಾರ ತೂಕ ನಿಲ್ಲುವಷ್ಟು ಉಂಡು, ಬಳಿಕ ಸೇರಿದ ಕೊಬ್ಬನ್ನು ನಿಧಾನವಾಗಿ ಇಳಿಸಿ. ಆಗಲೂ ಬಾರ್ ಮೇಲಿನ ಭಾರ ತಗ್ಗಿಸಬೇಡಿ, ಪ್ರೋಟೀನ್ ಬಿಡಬೇಡಿ, ಅದೇ ನೋಟ್‌ಬುಕ್‌ನಲ್ಲಿ ಅಳತೆ ಮುಂದುವರಿಸಿ. ಕೊಬ್ಬು ಇಳಿದ ಮೇಲೆ ಉಳಿದ ತೂಕವನ್ನೂ ತೋಳಿನ ಅಳತೆಯನ್ನೂ ಮೊದಲ ವಾರದ ಪುಟದ ಪಕ್ಕ ಇಟ್ಟಾಗ, ಬೆಳೆದ ಸ್ನಾಯು ಎಷ್ಟೆಂಬುದರ ನಿಜವಾದ ಅಂದಾಜು ಸಿಗುತ್ತದೆ.