ಪೆಟ್ಟಿಗೆಗೆ ಬಿಸಿ ಬಂದದ್ದು ಎರಡನೇ ವರ್ಷ

ನಮ್ಮದು ಪುತ್ತೂರು ಕಡೆಯ ಅಡಿಕೆ ತೋಟ. ಅಡಿಕೆ ಸಾಲಿನ ನಡುವೆ ಅಪ್ಪ ಹಾಕಿದ ಕೊಕ್ಕೋ ಗಿಡಗಳಿವೆ. ಕಾಯಿ ಕೊಯ್ದು, ಒಡೆದು, ಹಸಿ ಬೀಜವನ್ನು ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋಗೆ ಹಾಕಿ ಬರುವುದು, ನಮಗೆ ಗೊತ್ತಿದ್ದದ್ದು ಅಷ್ಟೇ. 1986ರಿಂದ ಊರಲ್ಲೇ ಅವರ ಚಾಕಲೇಟ್ ಕಾರ್ಖಾನೆ ಇದೆ, ಮಾರುವ ತಲೆಬಿಸಿ ಇರಲಿಲ್ಲ. ಆದರೆ ನಮ್ಮ ಬೀಜದ ರುಚಿ ಹೇಗಿದೆ ಅಂತ ಮನೆಯಲ್ಲಿ ಯಾರೂ ನೋಡಿದವರಲ್ಲ.

ಕೈಯಲ್ಲೇ ಚಾಕಲೇಟ್ ಮಾಡುವ ಪರಿಚಯದವರೊಬ್ಬರು ಐದು ಕಿಲೋ ಒಣ ಬೀಜ ಕೇಳಿದರು. ಹಸಿ ಬೀಜ ಒಣಗಿದರೆ ಮೂರರಲ್ಲಿ ಒಂದು ಪಾಲು ಉಳಿಯುತ್ತದೆ. ಲೆಕ್ಕ ಹಾಕಿ ಹದಿನೈದು ಕಿಲೋ ಹಸಿ ಬೀಜವನ್ನು ಬುಟ್ಟಿಗೆ ತುಂಬಿ, ಬಾಳೆ ಎಲೆ ಮುಚ್ಚಿಟ್ಟೆ. ಹುಳಿಯಲು ಆರು ದಿನ ಬಿಟ್ಟು, ಒಣಗಿಸಿ ಕಳಿಸಿದೆ. ಅವರು ಬೀಜ ಸೀಳಿ ಫೋಟೋ ಹಾಕಿದರು: ಒಳಗೆಲ್ಲ ನೇರಳೆ, ಸರಿಯಾಗಿ ಹುಳಿಯದ ಬೀಜದ ಬಣ್ಣ. ಬಾಯಿಗಿಟ್ಟರೆ ಒಗರು, ನಾಲಗೆ ದಪ್ಪ ಆಗುತ್ತದೆ.

ತಪ್ಪಿದ್ದು ಬಿಸಿ. ಬೀಜದ ಸುತ್ತ ಇರುವ ಬಿಳಿ ಲೋಳೆಯ ಸಿಹಿ ಮೊದಲು ಹುಳಿತು ಮದ್ಯ ಆಗುತ್ತದೆ. ಆಮೇಲೆ ಗಾಳಿ ಸೇರಿದಾಗ ಅದು ವಿನೆಗರ್ ಆಗುತ್ತದೆ, ಆಗಲೇ ರಾಶಿ ಜೋರು ಬಿಸಿಯಾಗುವುದು. ಆ ಬಿಸಿ ಮತ್ತು ಹುಳಿಗೆ ಬೀಜ ಸಾಯಬೇಕು. ಸತ್ತ ಮೇಲೆಯೇ ಒಗರು ಇಳಿದು ಚಾಕಲೇಟ್ ರುಚಿಗೆ ಬೇಕಾದದ್ದು ಒಳಗೆ ತಯಾರಾಗುವುದು. ಹದಿನೈದು ಕಿಲೋ ರಾಶಿಯಲ್ಲಿ ಬಿಸಿ ಉಳಿಯುವುದೇ ಇಲ್ಲ.

ಮರುವರ್ಷ ಪಕ್ಕದ ತೋಟದವರ ಕಾಯಿಯನ್ನೂ ಸೇರಿಸಿಕೊಂಡೆ. ಚೆನ್ನಾಗಿ ಹಳದಿಯಾದದ್ದು ಮಾತ್ರ. ಕೊಳೆ ಬಂದದ್ದು, ಅಳಿಲು ತೂತು ಮಾಡಿದ್ದು ಎಲ್ಲ ಹೊರಗೆ. ಒಡೆಯಲು ಕತ್ತಿ ಬೇಡ, ಬೀಜಕ್ಕೆ ಗಾಯವಾಗುತ್ತದೆ. ಮರದ ಕೊರಡಿನಿಂದ ಒಂದು ಪೆಟ್ಟು ಸಾಕು. ಒಂದೂವರೆ ಅಡಿ ಉದ್ದ, ಅಗಲ, ಎತ್ತರದ ಹಲಗೆಯ ಪೆಟ್ಟಿಗೆಗೆ ಎಪ್ಪತ್ತು ಕಿಲೋ ತುಂಬಿದೆ. ನೀರಿಳಿಯಲು ಅಡಿಯಲ್ಲಿ ತೂತು, ಮೇಲೆ ಬಾಳೆ ಎಲೆ, ಅದರ ಮೇಲೆ ಗೋಣಿ.

ಎರಡನೇ ದಿನ ಅಮ್ಮ ಕೊಟ್ಟಿಗೆ ಬಾಗಿಲಲ್ಲಿ ನಿಂತು ಕೇಳಿದರು, "ಎಂತ ಮಾರಾಯ, ಇಲ್ಲಿ ಕಳ್ಳು ಮಾಡ್ತಿದ್ದೀಯಾ?" ನನಗೆ ಅದೇ ಬೇಕಿತ್ತು! ನಲವತ್ತೆಂಟು ಗಂಟೆಗೆ ಮಗುಚಿದೆ. ಮರುದಿನ ಮೂಗಿಗೆ ಹೊಡೆಯುವ ವಿನೆಗರ್ ವಾಸನೆ, ಥರ್ಮಾಮೀಟರಿನಲ್ಲಿ 47 ಡಿಗ್ರಿ. ಕೈ ಒಳಗೆ ಹಾಕಿದರೆ ಜಾಸ್ತಿ ಹೊತ್ತು ಇಡಲು ಆಗುತ್ತಿರಲಿಲ್ಲ. ದಿನ ಬಿಟ್ಟು ದಿನ ಮಗುಚಿ, ಆರನೇ ದಿನ ತೆಗೆದೆ.

ಒಣಗಿಸುವುದರಲ್ಲಿ ಅವಸರ ಮಾಡಬಾರದು. ಮೊದಲ ದಿನವೇ ತೆಳ್ಳಗೆ ಹರಡಿ ಸುಡು ಬಿಸಿಲಿಗೆ ಹಾಕಿದರೆ ಸಿಪ್ಪೆ ಗಟ್ಟಿಯಾಗಿ ಹುಳಿ ಒಳಗೇ ಉಳಿಯುತ್ತದೆ. ನಾನು ಎರಡು ದಿನ ದಪ್ಪಕ್ಕೆ ಹರಡಿ ಆಗಾಗ ಕೈಯಾಡಿಸುತ್ತೇನೆ, ಆಮೇಲೆ ತೆಳು. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಚರಚರ ಸದ್ದು ಬರಬೇಕು.

ಜೂನ್‌ನಲ್ಲಿ ಮಾತ್ರ ಪೆಟ್ಟು ತಿಂದೆ. ಮಳೆ ಬಿಡಲಿಲ್ಲ. ಬೂಸ್ಟು ಬರುತ್ತದೆ ಅಂತ ಹೆದರಿ ಒಲೆ ಮೇಲಿನ ಅಟ್ಟಕ್ಕೆ ಹಾಕಿದೆ. ಹೊಗೆ ಅಡಿಕೆಗೆ ಆಗುತ್ತದೆ, ಕೊಕ್ಕೋಗೆ ಆಗುವುದಿಲ್ಲ. ಆ ಚಾಕಲೇಟ್ ತಿಂದರೆ ಬೀಡಿ ಸೇದಿದ ಹಾಗಿತ್ತು. ಈಗ ಮಳೆಗಾಲದ ಬೀಜ ಹಸಿಯಾಗಿಯೇ ಮಾರಾಟ, ಸುಮ್ನೆ ಹಟ ಬೇಡ.

ಒಳ್ಳೆ ರುಚಿ ಬೇಕಾದರೆ ಕ್ರಿಯೊಲೊ, ಟ್ರಿನಿಟಾರಿಯೊ ತಳಿಯೇ ಆಗಬೇಕು ಅನ್ನುತ್ತಾರೆ. ನಮ್ಮಲ್ಲಿರುವುದು ಹೆಚ್ಚಾಗಿ ಫೊರಾಸ್ಟೆರೊ. ಅದಕ್ಕೆಂದು ಇರುವ ಗಿಡ ಕಡಿಯುವ ಮನಸ್ಸು ನನಗಿಲ್ಲ, ಇದೇ ಬೀಜವನ್ನು ನಾವು ಇಷ್ಟು ವರ್ಷ ಹಾಳು ಮಾಡಿದ್ದು ಸಾಲದಾ?

ತೋಟದಲ್ಲಿ ಬದಲಾಯಿಸಿದ್ದು ಒಂದೇ, ಗುಡಿಸುವುದು ಬಿಟ್ಟೆ. ಕೊಕ್ಕೋ ಹೂವಿಗೆ ಪರಾಗ ಮುಟ್ಟಿಸುವುದು ಜೇನಲ್ಲ, ತೀರಾ ಸಣ್ಣ ನುಸಿ. ಅದು ಮರಿ ಮಾಡುವುದು ಕೊಳೆತ ಸಿಪ್ಪೆ, ಬಾಳೆ ದಿಂಡಿನಲ್ಲಿ. ಹಾಗಾಗಿ ರೋಗದ ಕಾಯಿ ಮಾತ್ರ ಹೊರಗೆ ಸಾಗಿಸುತ್ತೇನೆ. ಒಳ್ಳೆ ಸಿಪ್ಪೆ, ದಿಂಡು ಎಲ್ಲ ಬಿದ್ದಲ್ಲೇ ಇರುತ್ತವೆ. ನೋಡಿದವರಿಗೆ ಸೋಮಾರಿ ತೋಟದ ಹಾಗೆ ಕಾಣಿಸುತ್ತದೆ.

ಕಳೆದ ಸಲ ಐವತ್ತು ಬೀಜ ಸೀಳಿ ನೋಡಿದೆ. ಆರು ಇನ್ನೂ ನೇರಳೆ. ಪೆಟ್ಟಿಗೆಯ ಮೂಲೆಗೆ ಬಿಸಿ ತಲುಪಿರಲಿಲ್ಲ ಅಂತ ಕಾಣುತ್ತದೆ. ಈಗ ಮಗುಚುವಾಗ ಮೂಲೆಯದ್ದನ್ನು ಕೈಯಿಂದ ಬಾಚಿ ನಡುವಿಗೆ ಹಾಕುತ್ತೇನೆ.