ಹೊಸ ಹಾರ್ಡ್ ಡಿಸ್ಕ್ ನಿಧಾನವಾದಾಗ: ನನ್ನ ಅನುಭವ

ಹಾಸನ ಜಿಲ್ಲೆಯ ಹೊಯ್ಸಳ ದೇಗುಲಗಳ ಶಿಲ್ಪ, ಶಾಸನಗಳ ಛಾಯಾಚಿತ್ರ ತೆಗೆಯುವುದು ನನ್ನ ಬಹುಕಾಲದ ಕೆಲಸ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿಗಳ ಸುಮಾರು 600 ಜಿಬಿ ಚಿತ್ರಗಳ ಇನ್ನೊಂದು ಪ್ರತಿ ಇರಲೆಂದು ಹಾಸನದ ಅಂಗಡಿಯೊಂದರಿಂದ 2 ಟಿಬಿಯ ಪೋರ್ಟಬಲ್ ಹಾರ್ಡ್ ಡಿಸ್ಕ್ ತಂದೆ. ಕಂಪ್ಯೂಟರಿಗೆ ಜೋಡಿಸಿದಾಗ ಕಾಪಿಯ ವೇಗ ಸೆಕೆಂಡಿಗೆ 33 ಎಂಬಿ ದಾಟಲಿಲ್ಲ. ಚಿತ್ರಗಳ ಫೋಲ್ಡರ್ ತೆರೆಯುವುದಕ್ಕೂ ಕಾಯಬೇಕಾಯಿತು. ಅಂಗಡಿಯವರು ಬದಲಿಸಿಕೊಡಲು ಒಪ್ಪಿದ್ದರು. ಆದರೆ ದೋಷ ಎಲ್ಲಿದೆಯೆಂದು ತಿಳಿಯದೆ ಹಿಂದಿರುಗಿಸಲು ನನಗೆ ಮನಸ್ಸಾಗಲಿಲ್ಲ.

ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಡಿಸ್ಕಿನ ‘ಸ್ಮಾರ್ಟ್’ ವರದಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೋಡಿದೆ. ಕೆಟ್ಟ ಸೆಕ್ಟರುಗಳ (ದತ್ತಾಂಶ ಇಡುವ ಪುಟ್ಟ ಭಾಗಗಳ) ಬದಲಿಗೆ ಬೇರೆಯವನ್ನು ಬಳಸಿಕೊಂಡ ಲೆಕ್ಕ 05ನೆಯ ಸಾಲಿನಲ್ಲೂ, ಓದಲಾಗದೆ ಉಳಿದ ಸೆಕ್ಟರುಗಳ ಲೆಕ್ಕ ಸಿ5 ಸಾಲಿನಲ್ಲೂ ಇರುತ್ತದೆ. ಎರಡೂ ಸೊನ್ನೆಯಾಗಿದ್ದವು. ಹೊಸ ಡಿಸ್ಕಿನಲ್ಲಿ ಇವು ಸೊನ್ನೆಯಲ್ಲದಿದ್ದರೆ, ಅಥವಾ ಒಳಗಿನಿಂದ ಟಿಕ್ ಟಿಕ್ ಸದ್ದು ಮತ್ತೆ ಮತ್ತೆ ಕೇಳಿದರೆ, ಬೇರೆ ಪರೀಕ್ಷೆಗೆ ತೊಡಗದೆ ಅಂದೇ ಬದಲಿಸಿಕೊಳ್ಳುವುದು ಸರಿ ಎಂಬುದು ನನ್ನ ಅಭಿಪ್ರಾಯ.

ನನ್ನ ಗಮನ ಸೆಳೆದದ್ದು ವೇಗ ಕಡಿಮೆ ಇದ್ದುದಕ್ಕಿಂತಲೂ ಅದು ಏರಿಳಿಯದೆ ಒಂದೇ ಸಮನಾಗಿದ್ದುದು. ಹಳೆಯ, ನಿಧಾನದ ಯುಎಸ್‌ಬಿ 2.0 ಸಂಪರ್ಕದಲ್ಲಿ ಸಿಗುವ ವೇಗವೂ ಹೆಚ್ಚುಕಡಿಮೆ ಇಷ್ಟೇ. ಡಿಸ್ಕಿನೊಂದಿಗೆ ಬಂದ ಕೇಬಲ್ ಗಿಡ್ಡವಾಗಿದ್ದರಿಂದ ನಾನು ಹಳೆಯ ಮೊಬೈಲಿನ ಉದ್ದನೆಯ ಕೇಬಲ್ ಬಳಸಿದ್ದೆ. ಇಂಥ ಡಿಸ್ಕಿನ ಅಗಲವಾದ ಕಿಂಡಿಯ ಒಂದು ಭಾಗದಲ್ಲಿ ಆ ಕೇಬಲ್ ಸರಿಯಾಗಿಯೇ ಕೂರುತ್ತದೆ, ಡಿಸ್ಕ್ ಕೆಲಸವನ್ನೂ ಮಾಡುತ್ತದೆ. ಆದರೆ ಹೆಚ್ಚು ವೇಗದ ಯುಎಸ್‌ಬಿ 3.0ಕ್ಕೆ ಬೇಕಾದ ಹೆಚ್ಚುವರಿ ತಂತಿಗಳು ಅದರಲ್ಲಿಲ್ಲ. ಡಿಸ್ಕಿನದೇ ಕೇಬಲ್ ಹಾಕಿ, ಕಂಪ್ಯೂಟರಿನ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿಗೆ ಜೋಡಿಸಿದೊಡನೆ ವೇಗ 120 ಎಂಬಿಗೆ ಏರಿತು.

ಅಷ್ಟಕ್ಕೇ ಮುಗಿಯಲಿಲ್ಲ. ಹಲವು ಹತ್ತು ಜಿಬಿ ಕಾಪಿಯಾದ ಮೇಲೆ ವೇಗ ಕುಸಿದು 20 ಎಂಬಿಯ ಆಸುಪಾಸಿನಲ್ಲಿ ನಿಂತಿತು. ಸ್ಮಾರ್ಟ್ ವರದಿ ಆಗಲೂ ಶುದ್ಧವಾಗಿತ್ತು. ಮಾದರಿ ಸಂಖ್ಯೆ ಹಿಡಿದು ತಯಾರಕರ ವಿವರ ಪತ್ರ ನೋಡಿದಾಗ ಅದು ಎಸ್‌ಎಂಆರ್ ಬಗೆಯ ಡಿಸ್ಕ್ ಎಂದು ತಿಳಿಯಿತು. ನಮ್ಮ ಮಲೆನಾಡಿನ ಮನೆಗಳ ಹೆಂಚುಗಳಂತೆ ಇದರಲ್ಲಿ ದತ್ತಾಂಶದ ಪಥಗಳು ಒಂದರ ಮೇಲೊಂದು ತುಸು ಚಾಚಿಕೊಂಡಿರುತ್ತವೆ. ನಡುವಿನ ಒಂದು ಹೆಂಚು ಬದಲಿಸಲು ಅದರ ಮೇಲೆ ಚಾಚಿದ ಹೆಂಚುಗಳನ್ನೂ ಎತ್ತಬೇಕಾಗುವಂತೆ, ಇಲ್ಲಿ ಒಂದು ಪಥವನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕಾಗುತ್ತದೆ. ಆದ್ದರಿಂದ ಬಂದ ದತ್ತಾಂಶವನ್ನು ಡಿಸ್ಕ್ ಮೊದಲು ಪ್ರತ್ಯೇಕ ಜಾಗದಲ್ಲಿ ವೇಗವಾಗಿ ಇಳಿಸಿಕೊಂಡು, ಬಿಡುವಾದಾಗ ಹೆಂಚಿನ ಸಾಲಿಗೆ ಸೇರಿಸುತ್ತದೆ. ಆ ಜಾಗ ತುಂಬಿದಾಗ ವೇಗ ಬೀಳುತ್ತದೆ. ಪ್ರತಿಗಳನ್ನು ಇಡಲು ಈ ಬಗೆ ಸಾಕು, ಆದರೆ ಚಿತ್ರಗಳನ್ನು ತಿದ್ದುವ ಕೆಲಸವನ್ನು ನೇರವಾಗಿ ಇದರ ಮೇಲೆ ಮಾಡುವುದು ತರವಲ್ಲ.

ಮುಂದೆ 50 ಜಿಬಿಯಷ್ಟನ್ನೇ ಒಂದೊಂದು ಬಾರಿ ಕಾಪಿ ಮಾಡಿ, ನಡುವೆ ಡಿಸ್ಕಿನ ಸಂಪರ್ಕ ತೆಗೆಯದೆ ಅರ್ಧ ಗಂಟೆ ಬಿಟ್ಟೆ. ಆ ಹೊತ್ತಿನಲ್ಲಿ ಮುಟ್ಟಿ ನೋಡಿದರೆ ಅದು ಒಳಗೊಳಗೇ ಕೆಲಸ ಮಾಡುತ್ತಿರುವುದು ಕೈಗೆ ತಿಳಿಯುತ್ತಿತ್ತು. ಎರಡು ದಿನಗಳಲ್ಲಿ ಎಲ್ಲವೂ ಸೇರಿತು. ಎರಡೂ ಕಡೆಯ ಕಡತಗಳ ಚೆಕ್‌ಸಮ್ (ಕಡತದ ಒಳಗಿನ ದತ್ತಾಂಶದಿಂದ ಲೆಕ್ಕಹಾಕಿದ ಗುರುತಿನ ಸಂಖ್ಯೆ) ತಾಳೆಯಾದ ಮೇಲೆಯೇ, ಬದಲಿ ಡಿಸ್ಕ್ ಬೇಡವೆಂದು ಅಂಗಡಿಯವರಿಗೆ ಫೋನ್ ಮಾಡಿದೆ.